ಡಿಎಪಿ ಮೂಟೆಯ ಹಿಂದಿನ ಬಿಳಿ ಗುಡ್ಡ

ಅಮೆರಿಕದ ಫ್ಲಾರಿಡಾ ರಾಜ್ಯ ಜೋಳದ ರೊಟ್ಟಿಯಂತೆ ಚಪ್ಪಟೆ. ಟ್ಯಾಂಪಾ ಊರಿನಲ್ಲಿರುವ ಮಗಳ ಮನೆಗೆ ಹೋಗಿ ಎರಡು ವಾರ ಕಳೆದರೂ ನನ್ನ ಕಣ್ಣಿಗೆ ಒಂದು ದಿಣ್ಣೆ ಕೂಡ ಬಿದ್ದಿರಲಿಲ್ಲ. ಒಂದು ಭಾನುವಾರ ಕಾರಿನಲ್ಲಿ ಕೊಲ್ಲಿಯ ಪಕ್ಕದ 41ನೇ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಹೊರಟಿದ್ದೆವು. ಬಲಗಡೆ ಇದ್ದಕ್ಕಿದ್ದಂತೆ ಒಂದು ಗುಡ್ಡ ಕಾಣಿಸಿತು. ಇಳಿಜಾರಿನಲ್ಲಿ ಅಲ್ಲಲ್ಲಿ ಹುಲ್ಲು, ಉಳಿದ ಕಡೆ ಬೂದುಬಿಳಿ. ನೆತ್ತಿ ಮಾತ್ರ ಚಾಕುವಿನಿಂದ ಕೊಯ್ದಂತೆ ಮಟ್ಟಸ.

"ಪುಟ್ಟಾ, ಅಲ್ನೋಡು, ನಿಮ್ಮೂರಲ್ಲೂ ಬೆಟ್ಟ ಇದೆ!" ಎಂದೆ.

ಹನ್ನೊಂದು ವರ್ಷದ ಮೊಮ್ಮಗ ಕಿಟಕಿಯ ಕಡೆ ತಿರುಗದೆಯೇ, "ಅದು ಬೆಟ್ಟ ಅಲ್ಲ ತಾತ. ಫರ್ಟಿಲೈಸರ್ ಫ್ಯಾಕ್ಟರಿ ವೇಸ್ಟು. ನಮ್ಮ ಸ್ಕೂಲಲ್ಲಿ ಹೇಳಿದಾರೆ" ಅಂದ.

ನಾನು ಬಾಯಿ ಮುಚ್ಚಿಕೊಂಡೆ. ಕಾರಣ ಇದೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ವರ್ಷಗಳಲ್ಲಿ ಹೆಚ್ಚಿನವು ತಾಲ್ಲೂಕು ಶಾಖೆಗಳಲ್ಲೇ ಕಳೆದವು. ಮುಂಗಾರು ಬಂತೆಂದರೆ ಬೆಳೆ ಸಾಲದ ಅರ್ಜಿಗಳ ರಾಶಿ, ಅವುಗಳ ಜೊತೆ ಗೊಬ್ಬರದಂಗಡಿಯ ಬಿಲ್ಲುಗಳು. ಡಿಎಪಿ ಎಷ್ಟು ಮೂಟೆ, ಯೂರಿಯಾ ಎಷ್ಟು ಮೂಟೆ ಎಂದು ನೋಡಿ ಟಿಕ್ ಹಾಕುವುದು ನನ್ನ ಕೆಲಸ. ಮೂಟೆಯ ದರ ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆ. ಆ ಮೂಟೆ ತಯಾರಾಗುವಾಗ ಹಿಂದೆ ಏನು ಉಳಿಯುತ್ತದೆ ಎಂದು ಒಂದು ದಿನವೂ ಕೇಳಿರಲಿಲ್ಲ. ಒಂದು ಕಾಲದಲ್ಲಿ ಇದೇ ಟ್ಯಾಂಪಾ ಬಂದರಿನಿಂದ ಡಿಎಪಿ ತುಂಬಿದ ಹಡಗುಗಳು ಭಾರತಕ್ಕೆ ಬರುತ್ತಿದ್ದವು. ನಾನು ಟಿಕ್ ಹಾಕಿದ ಕೆಲವು ಮೂಟೆಗಳ ತವರು ಈ ಗುಡ್ಡದ ಆಸುಪಾಸೇ ಇದ್ದರೂ ಇರಬಹುದು.

ಗೊಬ್ಬರಕ್ಕೂ ಫ್ಲಾರಿಡಾಕ್ಕೂ ಏನು ನಂಟು? ಲಕ್ಷಾಂತರ ವರ್ಷಗಳ ಹಿಂದೆ ಈ ನೆಲವೆಲ್ಲ ಸಮುದ್ರದ ತಳವಾಗಿತ್ತು. ಅಲ್ಲಿ ರಂಜಕ, ಅಂದರೆ ಫಾಸ್ಫರಸ್ ತುಂಬಿದ ಕಲ್ಲಿನ ಪದರ ಕೂಡಿಕೊಂಡಿತು. ರಾಜ್ಯದ ನಡುಭಾಗದಲ್ಲಿ ಈ ಪದರವನ್ನು ಅಗೆಯುವಾಗ ದೈತ್ಯ ಶಾರ್ಕ್ ಮೀನಿನ ಹಲ್ಲು, ಆನೆಯ ಪೂರ್ವಜರ ಮೂಳೆ ಎಲ್ಲ ಸಿಗುತ್ತವೆ. ಆ ಪ್ರದೇಶಕ್ಕೆ ಮೂಳೆ ಕಣಿವೆ ಎಂಬ ಅರ್ಥದ ಹೆಸರೇ ಬಂದಿದೆ. ಮಲ್ಬೆರಿ ಎಂಬ ಸಣ್ಣ ಊರಿನ ಹಳೆಯ ರೈಲು ನಿಲ್ದಾಣದಲ್ಲಿ ಇದಕ್ಕಾಗಿ ಒಂದು ವಸ್ತುಸಂಗ್ರಹಾಲಯವಿದೆ. ನಮ್ಮ ಪುಟ್ಟನಿಗೆ ಅಲ್ಲಿ ಮಣ್ಣು ಕೆದಕಿ ಒಂದು ಶಾರ್ಕ್ ಹಲ್ಲು ಸಿಕ್ಕಿತ್ತು. ಅದನ್ನು ಬೆಂಕಿಪೊಟ್ಟಣದಲ್ಲಿ ಹತ್ತಿ ಹಾಸಿ ಮಲಗಿಸಿದ್ದಾನೆ.

ಫಾಸ್ಫೇಟ್ ಕಲ್ಲನ್ನು ಪುಡಿ ಮಾಡಿ ಹೊಲಕ್ಕೆ ಎರಚಿದರೆ ಹೆಚ್ಚಿನ ಪ್ರಯೋಜನವಿಲ್ಲ. ಅದು ನೀರಿನಲ್ಲಿ ಕರಗುವುದು ಬಹಳ ಕಡಿಮೆ. ಬೇರು ನೀರನ್ನು ಕುಡಿಯುತ್ತದೆಯೇ ಹೊರತು ಕಲ್ಲನ್ನು ಅಗಿಯುವುದಿಲ್ಲವಷ್ಟೆ. ಹಾಗಾಗಿ ಕಾರ್ಖಾನೆಯಲ್ಲಿ ಕಲ್ಲಿನ ಪುಡಿಗೆ ಗಂಧಕಾಮ್ಲ ಸುರಿಯುತ್ತಾರೆ. ಆಮ್ಲ ಕಲ್ಲಿನೊಳಗಿನ ರಂಜಕವನ್ನು ಬಿಡಿಸಿ ಫಾಸ್ಫಾರಿಕ್ ಆಮ್ಲವಾಗಿ ಹೊರತೆಗೆಯುತ್ತದೆ. ಇದಕ್ಕೆ ಅಮೋನಿಯಾ ಸೇರಿಸಿದರೆ ಡಿಎಪಿ. ಕಲ್ಲಿನಲ್ಲಿದ್ದ ಸುಣ್ಣದ ಅಂಶ ಗಂಧಕದ ಜೊತೆ ಕೂಡಿ ಜಿಪ್ಸಮ್ ಆಗಿ ತಳಕ್ಕೆ ಕೂರುತ್ತದೆ. ಶಾಲೆಯ ಸೀಮೆಸುಣ್ಣಕ್ಕೂ ಮುರಿದ ಕೈಗೆ ಹಾಕುವ ಪ್ಲಾಸ್ಟರಿಗೂ ಬಳಸುವ ಅದೇ ಜಿಪ್ಸಮ್. ಹೀಗೆ ಗೊಬ್ಬರದ ಕಾರ್ಖಾನೆಯಿಂದ ಬಂದದ್ದಕ್ಕೆ ಫಾಸ್ಫೋಜಿಪ್ಸಮ್ ಎನ್ನುತ್ತಾರೆ.

ಎಷ್ಟು ಉಳಿಯುತ್ತದೆ ಎಂಬುದು ನನ್ನಂಥವನು ಕೇಳಲೇಬೇಕಾದ ಪ್ರಶ್ನೆ. ಲೆಕ್ಕ ಹೀಗಿದೆ. ಆಮ್ಲದಲ್ಲಿ ಒಂದು ಟನ್ ರಂಜಕಾಂಶ ಸಿಗಬೇಕಾದರೆ ಸುಮಾರು ಐದು ಟನ್ ಫಾಸ್ಫೋಜಿಪ್ಸಮ್ ಹುಟ್ಟುತ್ತದೆ. ಡಿಎಪಿ ಚೀಲದ ಮೇಲೆ 18-46-0 ಎಂದು ಅಚ್ಚಾಗಿರುವುದನ್ನು ನೀವು ನೋಡಿರುತ್ತೀರಿ. ನೂರು ಕಿಲೋದಲ್ಲಿ 18 ಕಿಲೋ ಸಾರಜನಕ, 46 ಕಿಲೋ ರಂಜಕಾಂಶ, ಪೊಟ್ಯಾಷ್ ಸೊನ್ನೆ ಎಂದು ಅದರ ಅರ್ಥ. ಹಾಗಾದರೆ 50 ಕಿಲೋ ಮೂಟೆಯಲ್ಲಿ ರಂಜಕಾಂಶ 23 ಕಿಲೋ. ಐದರಿಂದ ಗುಣಿಸಿದರೆ 115 ಕಿಲೋ. ರೈತ ಹೆಗಲ ಮೇಲೆ ಹೊತ್ತು ತಂದ ಮೂಟೆ 50 ಕಿಲೋ, ಆ ಮೂಟೆಗಾಗಿ ಎಲ್ಲೋ ಒಂದು ಕಡೆ ಬಿದ್ದುಕೊಂಡದ್ದು 115 ಕಿಲೋ! ಪುಟ್ಟನ ನೋಟ್‌ಬುಕ್ಕಿನಲ್ಲಿ ಈ ಲೆಕ್ಕ ಬರೆದು, ನಂಬಿಕೆ ಬಾರದೆ ಮತ್ತೊಮ್ಮೆ ಕೂಡಿ ಕಳೆದು ನೋಡಿದೆ. ಸರಿಯಾಗಿಯೇ ಇತ್ತು.

ಫ್ಲಾರಿಡಾ ಒಂದರಲ್ಲೇ ಇಂಥ ಗುಡ್ಡಗಳು ಸುಮಾರು 25 ಇವೆ. ಅವುಗಳಲ್ಲಿ ಕೂಡಿರುವ ಫಾಸ್ಫೋಜಿಪ್ಸಮ್ ಸುಮಾರು 100 ಕೋಟಿ ಟನ್. ಕೆಲವು ಗುಡ್ಡಗಳ ಎತ್ತರ 200 ಅಡಿ, ಹರವು ನೂರಾರು ಎಕರೆ. ಶ್ರವಣಬೆಳಗೊಳದ ಗೊಮ್ಮಟ 58 ಅಡಿ. ಮೂವರು ಗೊಮ್ಮಟರನ್ನು ಒಬ್ಬರ ಮೇಲೊಬ್ಬರು ನಿಲ್ಲಿಸಿದರೂ ಆ ನೆತ್ತಿ ಮುಟ್ಟುವುದಿಲ್ಲ.

"ಜಿಪ್ಸಮ್ ಆದ್ರೆ ಚಾಕ್‌ಪೀಸ್ ಮಾಡಿ ಮಾರಬಹುದಲ್ಲ ತಾತ?" ಎಂದ ಪುಟ್ಟ. ಒಳ್ಳೆಯ ಪ್ರಶ್ನೆ. ತೊಡಕಿರುವುದು ಕಲ್ಲಿನ ಹುಟ್ಟುಗುಣದಲ್ಲಿ. ಸಮುದ್ರದ ತಳದ ಆ ಕಲ್ಲಿನಲ್ಲಿ ಅಲ್ಪಸ್ವಲ್ಪ ಯುರೇನಿಯಂ ಇರುತ್ತದೆ, ಅದರ ಸಂತಾನವಾದ ರೇಡಿಯಂ ಇರುತ್ತದೆ. ಕಾರ್ಖಾನೆಯಲ್ಲಿ ಯುರೇನಿಯಂನ ಬಹುಪಾಲು ಆಮ್ಲದ ಜೊತೆ ಹೋಗುತ್ತದೆ, ರೇಡಿಯಂ ಜಿಪ್ಸಮ್‌ನಲ್ಲಿ ಉಳಿಯುತ್ತದೆ. ರೇಡಿಯಂನಿಂದ ರೇಡಾನ್ ಎಂಬ ವಿಕಿರಣ ಅನಿಲ ಹೊರಡುತ್ತದೆ. ಇದರರ್ಥ ಗುಡ್ಡದ ಪಕ್ಕದ ರಸ್ತೆಯಲ್ಲಿ ಕಾರು ಓಡಿಸಿದರೆ ಕಾಯಿಲೆ ಬರುತ್ತದೆ ಎಂದಲ್ಲ, ಮಕ್ಕಳು ಹೆದರಬೇಕಾಗಿಲ್ಲ. ಈ ಪುಡಿಯಿಂದ ಮನೆ ಕಟ್ಟಿ, ಬಾಗಿಲು ಹಾಕಿಕೊಂಡು ಹತ್ತಾರು ವರ್ಷ ಅದರೊಳಗೆ ಉಸಿರಾಡಿದರೆ ತೊಂದರೆ. ಅದಕ್ಕೇ ಅಮೆರಿಕ ಸರ್ಕಾರ ರೇಡಿಯಂ ಕಡಿಮೆ ಇರುವ ಸರಕನ್ನು ಹೊಲಕ್ಕೆ ಹಾಕಲು ಬಿಟ್ಟು, ಮಿಕ್ಕಿದ್ದನ್ನು ಗುಡ್ಡೆ ಹಾಕಿಯೇ ಇಡಬೇಕೆಂದು ನಿಯಮ ಮಾಡಿತು. ರಸ್ತೆ ಹಾಸಲು ಬಳಸಬಹುದೆಂದು 2020ರಲ್ಲಿ ಒಪ್ಪಿಗೆ ಕೊಟ್ಟು 2021ರಲ್ಲಿ ಹಿಂತೆಗೆದುಕೊಂಡಿತು. 2024ರ ಕೊನೆಯಲ್ಲಿ ಒಂದು ಕಾರ್ಖಾನೆಯ ಆವರಣದೊಳಗೆ ಪ್ರಯೋಗಕ್ಕಾಗಿ ಚಿಕ್ಕ ರಸ್ತೆಯೊಂದಕ್ಕೆ ಅನುಮತಿ ನೀಡಿತು.

ಈ ರೇಡಿಯಂ ಅರ್ಧಕ್ಕೆ ಇಳಿಯಲು 1,600 ವರ್ಷ ಬೇಕು. ಬ್ಯಾಂಕಿನ ಬಡ್ಡಿಯನ್ನು ತಿರುವು ಮುರುವು ಮಾಡಿದ ಹಾಗೆ: ಇಂದು ನೂರು ಇದ್ದದ್ದು 1,600 ವರ್ಷಕ್ಕೆ ಐವತ್ತು, ಮತ್ತೆ 1,600 ವರ್ಷಕ್ಕೆ ಇಪ್ಪತ್ತೈದು. ನಮ್ಮ ಹಲ್ಮಿಡಿ ಶಾಸನವನ್ನು ಕೆತ್ತಿದ್ದು ಕ್ರಿ.ಶ. 450ರ ಸುಮಾರಿಗೆ. ಆಗ ಯಾರಾದರೂ ಇಂಥದೊಂದು ಗುಡ್ಡ ಹಾಕಿ ಹೋಗಿದ್ದರೆ ಇವತ್ತಿಗೆ ಅರ್ಧ ಆಯುಸ್ಸು ಮುಗಿಯುತ್ತ ಬಂದಿರುತ್ತಿತ್ತು.

ಇಷ್ಟಾದರೂ ಮೊದಲು ಕೈಕೊಡುವುದು ರೇಡಿಯಂ ಅಲ್ಲ, ನೀರು. ಜಿಪ್ಸಮ್ ಅನ್ನು ನೀರಿನಲ್ಲಿ ಕಲಸಿ, ದೋಸೆ ಹಿಟ್ಟಿನಂತೆ ತೆಳ್ಳಗೆ ಮಾಡಿ, ಕೊಳವೆಯಲ್ಲಿ ಗುಡ್ಡದ ನೆತ್ತಿಗೆ ಹತ್ತಿಸುತ್ತಾರೆ. ಪುಡಿ ತಳಕ್ಕೆ ಕೂರುತ್ತದೆ, ಮೇಲೆ ಕೆರೆ ನಿಲ್ಲುತ್ತದೆ. ಕೂತದ್ದನ್ನೇ ಎಳೆದು ಏರಿ ಎತ್ತರಿಸುತ್ತಾರೆ. ಏರಿ ಬೆಳೆದಂತೆ ಕೆರೆಯೂ ಮೇಲೇರುತ್ತದೆ. ಕೆರೆಯ ನೀರು ನಿಂಬೆರಸದಷ್ಟು ಹುಳಿ, ಅದರಲ್ಲಿ ಫ್ಲೋರೈಡ್, ರಂಜಕ, ಸಾರಜನಕ ಎಲ್ಲ ಇರುತ್ತವೆ. ಕಾರ್ಖಾನೆ ನಡೆಯುತ್ತಿರುವವರೆಗೂ ಅದೇ ನೀರು ಸುತ್ತಿ ಸುತ್ತಿ ಕೆಲಸಕ್ಕೆ ಬರುತ್ತದೆ, ಒಂದಿಷ್ಟು ಬಿಸಿಗೆ ಆವಿಯಾಗುತ್ತದೆ. ಕಾರ್ಖಾನೆಗೆ ಬೀಗ ಬಿದ್ದರೆ ಆ ನೀರನ್ನು ಕೇಳುವವರಿಲ್ಲ. ಮಳೆಗೆ ಬೀಗ ಹಾಕಲಾಗುತ್ತದೆಯೇ? ಫ್ಲಾರಿಡಾದಲ್ಲಿ ವರ್ಷಕ್ಕೆ ಸುಮಾರು 50 ಇಂಚು ಮಳೆ, ಜೊತೆಗೆ ಚಂಡಮಾರುತಗಳು. ಯಜಮಾನನಿಲ್ಲದ ಕೆರೆ ತುಂಬುತ್ತಲೇ ಹೋಗುತ್ತದೆ.

ಅಂದು ನಾವು ಹೆದ್ದಾರಿಯಲ್ಲಿ ಇನ್ನಷ್ಟು ಮುಂದೆ ಹೋದಾಗ ಮನಾಟಿ ಬಂದರಿನ ಎದುರಿಗೆ ಸಿಕ್ಕ ಪೈನಿ ಪಾಯಿಂಟ್ ಇಂಥದೇ ಕಥೆ. ಕಾರಿನಿಂದ ಹೆಚ್ಚೇನೂ ಕಾಣುವುದಿಲ್ಲ. ಬೇಲಿ, ಅದರಾಚೆ ಏರಿ, ಅಷ್ಟೆ.

ಇಲ್ಲಿ ಗೊಬ್ಬರದ ಕಾರ್ಖಾನೆ ಶುರುವಾದದ್ದು 1966ರಲ್ಲಿ. ಹಲವು ಕೈ ಬದಲಾಗಿ ಕೊನೆಗೆ ಮಲ್ಬೆರಿ ಫಾಸ್ಫೇಟ್ಸ್ ಎಂಬ ಕಂಪನಿಯ ಪಾಲಾಯಿತು. ಈ ಕಂಪನಿ ಬೇರೆ ಕಡೆಯೂ ಒಂದು ಅನಾಹುತ ಮಾಡಿಕೊಂಡಿತು. 1997ರ ಡಿಸೆಂಬರಿನಲ್ಲಿ ಮಲ್ಬೆರಿ ಊರಿನಲ್ಲಿದ್ದ ಅದರ ಗುಡ್ಡದ ಏರಿಯೊಡೆದು, ಐದು ಕೋಟಿ ಗ್ಯಾಲನ್ನಿಗೂ ಹೆಚ್ಚು ಹುಳಿನೀರು ಅಲಫಾಯ ನದಿಗೆ ನುಗ್ಗಿ, ಹತ್ತು ಲಕ್ಷಕ್ಕೂ ಮಿಕ್ಕಿ ಮೀನು ಸತ್ತವು. 2001ರಲ್ಲಿ ಕಂಪನಿ ದಿವಾಳಿಯೆದ್ದಿತು. ಇನ್ನು ಎರಡೇ ದಿನ, ಆಮೇಲೆ ಪೈನಿ ಪಾಯಿಂಟ್ ನೋಡಿಕೊಳ್ಳುವುದು ನಮ್ಮಿಂದಾಗದು ಎಂದು ಸರ್ಕಾರಕ್ಕೆ ತಿಳಿಸಿ ಎದ್ದು ಹೋಯಿತು. ಎರಡು ದಿನ! ನಾವು ಸಾಲದ ಕಂತು ತಪ್ಪಿಸಿದ ಬಡ ರೈತನಿಗೂ ನೋಟಿಸ್ ಕೊಟ್ಟು ಇದಕ್ಕಿಂತ ಹೆಚ್ಚು ದಿನ ಕಾಯುತ್ತಿದ್ದೆವು.

ಗುಡ್ಡ ಮತ್ತು ಕೆರೆ ಸರ್ಕಾರದ ಕೊರಳಿಗೆ ಬಿದ್ದವು. ಒಂದಿಷ್ಟು ನೀರನ್ನು ಶುದ್ಧಿ ಮಾಡಿ ದೋಣಿಗಳಲ್ಲಿ ಸಾಗಿಸಿ ದೂರದ ಸಮುದ್ರಕ್ಕೆ ಬಿಟ್ಟರು. ಏರಿಗಳ ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿದರು. 2006ರಲ್ಲಿ ಬೇರೊಂದು ಕಂಪನಿ ಜಾಗ ಕೊಂಡಿತು. ಬಂದರಿನ ಹೂಳೆತ್ತಿದ ಉಪ್ಪುನೀರು, ಮಣ್ಣನ್ನೂ ಅದೇ ಕೆರೆಗೆ ತಂದು ತುಂಬಿದರು. 2011ರಲ್ಲಿ ಹಾಳೆ ಹರಿದು ಸೋರಿತು. ಮರುವರ್ಷ ಈ ಕಂಪನಿಯೂ ದಿವಾಳಿ ಅರ್ಜಿ ಹಾಕಿತು. ಇಂಥ ಆಸ್ತಿಯನ್ನು ಯಾವ ಬ್ಯಾಂಕಿನವನೂ ಅಡಮಾನಕ್ಕೆ ಮುಟ್ಟುವುದಿಲ್ಲ. ಕಾಗದದಲ್ಲಿ ಅದು ಜಮೀನು, ನಿಜದಲ್ಲಿ ಸಾಲ.

2021ರ ಮಾರ್ಚ್ ಕೊನೆಗೆ ಏರಿಯ ಬುಡದಲ್ಲಿ ಮತ್ತೆ ಸೋರಿಕೆ ಕಂಡಿತು. ಕೆರೆಯಲ್ಲಿ ಆಗ ಇದ್ದದ್ದು ಸುಮಾರು 48 ಕೋಟಿ ಗ್ಯಾಲನ್, ನಮ್ಮ ಲೆಕ್ಕದಲ್ಲಿ 180 ಕೋಟಿ ಲೀಟರಿಗೂ ಹೆಚ್ಚು ನೀರು. ಏರಿ ಒಡೆದರೆ ಇಪ್ಪತ್ತು ಅಡಿ ಎತ್ತರದ ಅಲೆ ಮನೆಗಳ ಮೇಲೆ ಬಂದೀತು ಎಂದು ಅಧಿಕಾರಿಗಳು ಎಚ್ಚರಿಸಿದರು. ಏಪ್ರಿಲ್ 3ರಂದು ರಾಜ್ಯಪಾಲರು ತುರ್ತುಸ್ಥಿತಿ ಘೋಷಿಸಿದರು. ಈಸ್ಟರ್ ಹಬ್ಬದ ಮುನ್ನಾದಿನ 300ಕ್ಕೂ ಹೆಚ್ಚು ಮನೆಗಳನ್ನು ತೆರವು ಮಾಡಿಸಿದರು. ನಾವು ಹೋಗುತ್ತಿದ್ದ ಹೆದ್ದಾರಿಯನ್ನೇ ಮುಚ್ಚಿದ್ದರಂತೆ. ಮಗಳ ಮನೆ ದೂರವಿದ್ದರೂ ಆ ಎರಡು ಮೂರು ದಿನ ಟಿವಿಯ ಮುಂದಿನಿಂದ ಎದ್ದಿರಲಿಲ್ಲ ಎಂದಳು.

ಏರಿ ಒಡೆಯಬಾರದೆಂದರೆ ಭಾರ ಇಳಿಸಬೇಕು. ಸುಮಾರು ಹತ್ತು ದಿನಗಳಲ್ಲಿ 21.5 ಕೋಟಿ ಗ್ಯಾಲನ್ ನೀರನ್ನು ಪಂಪ್ ಮಾಡಿ ಟ್ಯಾಂಪಾ ಕೊಲ್ಲಿಗೆ ಬಿಟ್ಟರು. ಹತ್ತು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 81 ಸಾವಿರ ಟ್ಯಾಂಕರಿಗೂ ಹೆಚ್ಚು. ಏರಿ ಉಳಿಯಿತು, ಮನೆಗಳು ಉಳಿದವು, ಜನ ವಾಪಸಾದರು.

ಕೊಲ್ಲಿಯ ಗತಿ? ಆ ನೀರಿನಲ್ಲಿದ್ದದ್ದು ಗೊಬ್ಬರದ ಸತ್ವವೇ. ಭತ್ತದ ಗದ್ದೆಗೆ ಅದು ಅಮೃತ. ನೀರಿನಲ್ಲಿ ಅದನ್ನು ಉಣ್ಣುವುದು ಪಾಚಿ. ನಮ್ಮೂರ ಕೆರೆಗೆ ಚರಂಡಿ ನೀರು ಸೇರಿದರೆ ಅಂತರಗಂಗೆ ಹಬ್ಬಿ ನೀರೇ ಕಾಣದಂತಾಗುವುದಿಲ್ಲವೇ, ಹಾಗೆ. ಕೊಲ್ಲಿಯ ಆ ಭಾಗಕ್ಕೆ ಇಡೀ ವರ್ಷದಲ್ಲಿ ಸೇರುವುದಕ್ಕಿಂತ ಹೆಚ್ಚು ಸಾರಜನಕ ಆ ಹತ್ತು ದಿನಗಳಲ್ಲಿ ಸೇರಿತು ಎಂದು ಅದನ್ನು ಅಳೆದ ವಿಜ್ಞಾನಿಗಳು ಬರೆದಿದ್ದಾರೆ. ಮೊದಲು ಸೂಕ್ಷ್ಮ ಪಾಚಿ ಉಕ್ಕಿತು, ಆಮೇಲೆ ದಾರದಂಥ ಪಾಚಿ ಕಂಬಳಿಯ ಹಾಗೆ ಹಬ್ಬಿತು. ಬೇಸಿಗೆಯಲ್ಲಿ, ಸಮುದ್ರವನ್ನು ಕೆಂಪಾಗಿಸಿ ಮೀನುಗಳಿಗೆ ವಿಷವಾಗುವ ಕೆಂಪು ಉಬ್ಬರ ಬಂತು. ಇದು ಆ ಕಡಲಿಗೆ ಹೊಸದಲ್ಲ, ಪೈನಿ ಪಾಯಿಂಟೇ ತಂದದ್ದು ಎನ್ನಲಾಗದು. ಒಳಗೆ ಬಂದ ಕೆಂಪು ಉಬ್ಬರಕ್ಕೆ ಅಲ್ಲಿ ಊಟ ಸಿದ್ಧವಾಗಿತ್ತು ಎನ್ನಬಹುದು. ಪೈನೆಲ್ಲಸ್ ಜಿಲ್ಲೆಯೊಂದರ ತೀರದಿಂದಲೇ ಎತ್ತಿ ಸಾಗಿಸಿದ ಸತ್ತ ಮೀನು, ಕಸ 1,600 ಟನ್ನಿಗೂ ಹೆಚ್ಚು. ವಾಸನೆಗೆ ಕಿಟಕಿ ತೆಗೆಯುವಂತಿರಲಿಲ್ಲವಂತೆ.

ಈ ಕೊಲ್ಲಿ ಐವತ್ತು ವರ್ಷದ ಹಿಂದೆ ಕೊಳೆತು ನಾರುತ್ತಿತ್ತು. ಸುತ್ತಲಿನ ಊರುಗಳು ಸೇರಿ, ಚರಂಡಿ ನೀರನ್ನು ಶುದ್ಧ ಮಾಡಿ, ಸಾರಜನಕವನ್ನು ವರ್ಷ ವರ್ಷವೂ ಅಳೆದು ತೂಗಿ ಇಳಿಸಿ, ನೀರಡಿಯ ಹುಲ್ಲುಗಾವಲನ್ನು ಮತ್ತೆ ಚಿಗುರಿಸಿದ್ದವು. ಆ ಹುಲ್ಲಿನ ಮಧ್ಯೆಯೇ ಮೀನಿನ ಮರಿಗಳು ಬೆಳೆಯುವುದು. ಮನಾಟಿ ಎಂಬ ಕಡಲ ಹಸು ಮೇಯುವುದೂ ಅದನ್ನೇ. ಅಷ್ಟು ಜತನದಿಂದ ಉಳಿಸಿದ ಖಾತೆಯಿಂದ ಯಾರೋ ಹತ್ತು ದಿನದಲ್ಲಿ ದುಡ್ಡು ತೆಗೆದುಬಿಟ್ಟಂತಾಯಿತು. ಅದನ್ನು ನೆನೆದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಇನ್ನೊಂದು ಅಪಾಯ ಕಣ್ಣಿಗೆ ಕಾಣದ್ದು. ಫ್ಲಾರಿಡಾದ ನೆಲದಡಿ ಸುಣ್ಣಕಲ್ಲು. ಸುಣ್ಣಕಲ್ಲು ಹುಳಿಗೆ ಕರಗುತ್ತದೆ, ಒಳಗೊಳಗೇ ಪೊಳ್ಳಾಗಿ ಒಂದು ದಿನ ದಿಢೀರನೆ ಕುಸಿಯುತ್ತದೆ. ಆ ಪೊಳ್ಳುಗಳಲ್ಲೇ ಜನ ಕುಡಿಯುವ ಅಂತರ್ಜಲ ಇರುವುದು. 2016ರ ಆಗಸ್ಟಿನಲ್ಲಿ ನ್ಯೂ ವೇಲ್ಸ್ ಎಂಬ ಕಾರ್ಖಾನೆಯ ಗುಡ್ಡದಲ್ಲಿ 45 ಅಡಿ ಅಗಲದ ಗುಂಡಿ ಬಾಯಿ ತೆರೆದು, ಮೇಲಿದ್ದ ಕೆರೆಯ ನೀರು ಅದರೊಳಕ್ಕೆ ಇಳಿದು ಹೋಯಿತು. ಅದೂ 21.5 ಕೋಟಿ ಗ್ಯಾಲನ್ನೇ. (ನಾನು ಒಂದೇ ಅಂಕಿಯನ್ನು ತಪ್ಪಿ ಎರಡು ಸಲ ಬರೆದಿಲ್ಲ, ಎರಡು ಕಡೆಯೂ ಅಷ್ಟೇ!) ಕಂಪನಿ ಬಾವಿಯಿಂದ ನೀರನ್ನು ಮೇಲೆತ್ತಿತು, ಆವರಣದ ಹೊರಗೆ ಹೋಗಿಲ್ಲ ಎಂದಿತು. ಇರಲಿ. ಸುತ್ತಲಿನ ಬಾವಿಗಳ ನೀರು ಕುಡಿಯುವವರಿಗೆ ವಿಷಯ ತಿಳಿದದ್ದು ಸುಮಾರು ಮೂರು ವಾರದ ಮೇಲೆ. ಆ ಗಲಾಟೆಯಾದ ನಂತರವೇ, ಇಂಥ ಸೋರಿಕೆಯಾದರೆ 24 ಗಂಟೆಯೊಳಗೆ ತಿಳಿಸಬೇಕೆಂಬ ಕಾನೂನು 2017ರಲ್ಲಿ ಬಂದದ್ದು.

ಪೈನಿ ಪಾಯಿಂಟನ್ನು ಶಾಶ್ವತವಾಗಿ ಮುಚ್ಚಲು ಫ್ಲಾರಿಡಾ ಶಾಸನಸಭೆ 2021ರಲ್ಲಿ ಹತ್ತು ಕೋಟಿ ಡಾಲರ್ ಎತ್ತಿಟ್ಟಿತು. ಉಳಿದ ನೀರನ್ನು ಶುದ್ಧಿ ಮಾಡಿ, ಕುಡಿಯುವ ನೀರಿನ ಪದರಕ್ಕಿಂತ ಕೆಳಗೆ, ಮೂರು ಸಾವಿರ ಅಡಿಗೂ ಆಳಕ್ಕೆ ಇಳಿಸುವ ಕೆಲಸ 2023ರಲ್ಲಿ ಆರಂಭವಾಯಿತು. ಕಾರ್ಖಾನೆ ನಡೆದದ್ದು ಹೆಚ್ಚೆಂದರೆ 35 ವರ್ಷ. ಗೊಬ್ಬರ ಮಾರಿದ ಲಾಭ ಆಗಲೇ ಹಂಚಿ ಹೋಗಿದೆ. ಈ ಹತ್ತು ಕೋಟಿ ಸಾರ್ವಜನಿಕರ ಬೊಕ್ಕಸದ್ದು, ಅದರಲ್ಲಿ ನನ್ನ ಮಗಳು ಅಳಿಯ ಕಟ್ಟಿದ ತೆರಿಗೆಯ ಎರಡು ಕಾಸೂ ಇದ್ದೀತು.

ಒಂದು ವಿಷಯ ಮಾತ್ರ ನನ್ನಂಥ ಬ್ಯಾಂಕಿನವನಿಗೆ ಸಮಾಧಾನ ಕೊಟ್ಟಿತು. 2015ರಲ್ಲಿ ಅಮೆರಿಕ ಸರ್ಕಾರ ಅಲ್ಲಿನ ಅತಿ ದೊಡ್ಡ ಫಾಸ್ಫೇಟ್ ಕಂಪನಿಯಾದ ಮೊಸಾಯಿಕ್ ಜೊತೆ ರಾಜಿ ಮಾಡಿಕೊಂಡಾಗ, ಕಂಪನಿ 63 ಕೋಟಿ ಡಾಲರನ್ನು ಪ್ರತ್ಯೇಕ ನಿಧಿಯಲ್ಲಿ ಇಡಬೇಕೆಂದು ಷರತ್ತು ಹಾಕಿತು. ಆ ಹಣ ಬೆಳೆದು 180 ಕೋಟಿ ಡಾಲರ್ ಆಗಬೇಕು. ಮುಂದೆ ಕಾರ್ಖಾನೆ ಮುಚ್ಚಿದ ದಿನ ಗುಡ್ಡಗಳನ್ನು ಮುಚ್ಚುವುದಕ್ಕೂ ನೀರನ್ನು ಶುದ್ಧ ಮಾಡುವುದಕ್ಕೂ ಅದು ಮೀಸಲು. ಸಾಯುವ ಮುನ್ನವೇ ತನ್ನ ಉತ್ತರಕ್ರಿಯೆಗೆ ಠೇವಣಿ ಇಟ್ಟ ಹಾಗೆ. ಪೈನಿ ಪಾಯಿಂಟಿಗೆ 1966ರಲ್ಲೇ ಯಾರಾದರೂ ಇಂಥದೊಂದು ಪಾಸ್‌ಬುಕ್ ತೆರೆದಿದ್ದರೆ!

"1,600 ವರ್ಷದ ತನಕ ಆ ಬ್ಯಾಂಕ್ ಇರತ್ತಾ ತಾತ?" ಎಂದು ಪುಟ್ಟ ಕೇಳಿದ. ನಾನು ಕೆಲಸ ಮಾಡಿದ ವರ್ಷಗಳಲ್ಲಿ ಎಷ್ಟು ಬ್ಯಾಂಕುಗಳ ಹೆಸರು ಹೋಯಿತು, ಯಾವುದು ಯಾವುದರಲ್ಲಿ ಲೀನವಾಯಿತು ಎಂದು ಮನಸ್ಸಿನಲ್ಲೇ ಎಣಿಸುತ್ತ ಸುಮ್ಮನಿದ್ದೆ.

ಇದು ಅಮೆರಿಕದವರ ಪಾಡು ಎಂದುಕೊಳ್ಳುವ ಹಾಗಿಲ್ಲ. ನಮ್ಮ ದೇಶ ಮೊರಾಕೊ, ಜೋರ್ಡನ್ ಮುಂತಾದ ಕಡೆಗಳಿಂದ ಫಾಸ್ಫೇಟ್ ಕಲ್ಲು ತರಿಸುತ್ತದೆ. ಒಡಿಶಾದ ಪಾರಾದೀಪ್, ಆಂಧ್ರದ ವಿಶಾಖಪಟ್ಟಣ, ಕೇರಳದ ಕೊಚ್ಚಿಯಂಥ ಕಡೆ ನಮ್ಮವೇ ಗುಡ್ಡಗಳಿವೆ. ಆದರೆ ನಾವು ಅದನ್ನು ಸುಮ್ಮನೆ ಗುಡ್ಡೆ ಹಾಕಿ ಬಿಡುವುದಿಲ್ಲ. ಸಿಮೆಂಟ್ ಕಾರ್ಖಾನೆಗಳು ಒಯ್ಯುತ್ತವೆ, ಚೌಳು ನೆಲ ತಿದ್ದಲು ರೈತರು ಹಾಕುತ್ತಾರೆ. ಮದ್ರಾಸ್ ಐಐಟಿಯವರು 2013ರಲ್ಲಿ ಇಂಥ ಜಿಪ್ಸಮ್ ಹಲಗೆಗಳಿಂದಲೇ ಒಂದು ಮಾದರಿ ಮನೆ ಕಟ್ಟಿ ತೋರಿಸಿದರು. ಎಷ್ಟು ವಿಕಿರಣವಿದ್ದರೆ ಬಳಸಬಹುದು ಎಂಬ ಮಿತಿಯನ್ನು ನಮ್ಮ ಅಣುಶಕ್ತಿ ನಿಯಂತ್ರಣ ಮಂಡಳಿ ಹಾಕಿದೆ. ಆ ಮಿತಿಯನ್ನು ಪ್ರತಿ ಲೋಡಿಗೂ ಅಳೆದು ನೋಡುವ ಶಿಸ್ತು ಇರುವವರೆಗೆ, ಗುಡ್ಡ ಕರಗಿಸಲು ಇದು ಫ್ಲಾರಿಡಾದ ದಾರಿಗಿಂತ ಮೇಲು ಎಂದು ನನಗನ್ನಿಸುತ್ತದೆ.

ಊರಿಗೆ ಹೊರಡುವ ಹಿಂದಿನ ದಿನ ಮದ್ದೂರಿನ ಕಡೆ ಬೇಸಾಯ ಮಾಡುವ ನಮ್ಮಣ್ಣನ ಮಗ ಫೋನ್ ಮಾಡಿದ್ದ. ಮಾತಿನ ನಡುವೆ, "ಚಿಕ್ಕಪ್ಪಾ, ಈ ಸಲ ಮಣ್ಣು ಪರೀಕ್ಷೆ ಮಾಡಿಸ್ದೆ. ರಂಜಕ ನೆಲದಲ್ಲೇ ಬೇಕಾದಷ್ಟು ಇದೆಯಂತೆ. ಎಕರೆಗೆ ಒಂದು ಮೂಟೆ ಡಿಎಪಿ ಹಾಕ್ತಿದ್ದೆ, ಅರ್ಧ ಸಾಕು ಅಂದ್ರು. ದುಡ್ಡೂ ಉಳೀತು" ಎಂದ.

ಸ್ಪೀಕರಿನಲ್ಲಿ ಕೇಳಿಸಿಕೊಳ್ಳುತ್ತಿದ್ದ ಪುಟ್ಟ ನೋಟ್‌ಬುಕ್ ಎಳೆದುಕೊಂಡು ಏನೋ ಗೀಚಿದ. ಫೋನಿಗೆ ಬಾಯಿ ಹಚ್ಚಿ, "ಐವತ್ತೇಳೂವರೆ ಕಿಲೋ, ಮಾಮಾ!" ಎಂದು ಕೂಗಿದ.

"ಏನಂತೆ ಚಿಕ್ಕಪ್ಪಾ, ಅವನ ತೂಕವಾ?" ಎಂದ ನಮ್ಮಣ್ಣನ ಮಗ.